ಐದಡಿ ಕಟ್ಟರ್ ಬಾರ್, ಕುಷ್ಟಗಿಯ ಮಸಾರಿ: ಹಳೆ ಹುಲ್ಲು ಕೊಯ್ಯುವ ಯಂತ್ರದ ಕೆಲಸದ ದಾಖಲೆ

ದಿನ 1

ಯಂತ್ರ ಹಳೆಯದು. ಟ್ರ್ಯಾಕ್ಟರಿನ ಬಲಕ್ಕೆ ಚಾಚುವ ಐದಡಿ ಬಾರ್, ಪಿಟಿಓದಿಂದ (ಟ್ರ್ಯಾಕ್ಟರಿನ ಹಿಂದೆ ತಿರುಗುವ ದಂಡ) ಬೆಲ್ಟು, ಫ್ಲೈವೀಲ್, ಅದರಿಂದ ಬ್ಲೇಡ್ ಪಟ್ಟಿಯನ್ನು ಆಚೀಚೆ ಓಡಿಸುವ ಕಟ್ಟಿಗೆಯ ಪಿಟ್‌ಮನ್ ಕೋಲು. ಪಟ್ಟಿಯ ಮೇಲೆ ಮೂರು ಇಂಚಿಗೊಂದರಂತೆ ರಿವೆಟ್ಟು ಹೊಡೆದ 20 ತ್ರಿಕೋನ ಬ್ಲೇಡು. ಹೊಲ ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಬೀಳು. ಅಂಜನ ಹುಲ್ಲು, ಒಡ್ಡಿನುದ್ದಕ್ಕೂ ಕರಿಕೆ.

ಮೊದಲ ಸಾಲಿನಲ್ಲಿ ಅರ್ಧ ಹುಲ್ಲು ಬಿತ್ತು, ಅರ್ಧ ಬಾಗಿಕೊಂಡು ಬಾರಿನ ಕೆಳಗೆ ನುಸುಳಿತು. ಹತ್ತು ಮಾರಿಗೊಮ್ಮೆ ಸಿಕ್ಕಿಕೊಂಡಿತು. ಇಂಥಲ್ಲಿ ಎಲ್ಲರ ಕೈಯೂ ಗ್ರೈಂಡರಿಗೇ ಹೋಗುತ್ತದೆ. ಹೋಗಬಾರದು. ಇದು ಕುಡುಗೋಲಲ್ಲ, ಕತ್ತರಿ. ಆಣಿ ಸಡಿಲಾದ ಕತ್ತರಿಯನ್ನು ಎಷ್ಟು ಮಸೆದರೂ ಬಟ್ಟೆ ಮಡಚಿಕೊಳ್ಳುತ್ತದೆಯೇ ಹೊರತು ಕತ್ತರಿಸುವುದಿಲ್ಲ.

ದಿನ 2, 3

ಬ್ಲೇಡ್ ಪಟ್ಟಿ ಹೊರಗೆಳೆದು ಬೆರಳುಗಳನ್ನು, ಅಂದರೆ ಬಾರಿನಿಂದ ಮುಂದಕ್ಕೆ ಚಾಚಿದ ಕಬ್ಬಿಣದ ಮೊನೆಗಳನ್ನು, ನೋಡಿದ್ದಾಯಿತು. ಪ್ರತಿ ಬೆರಳಿನೊಳಗೆ ಒಂದು ಅಡಿಪಟ್ಟಿ ಇರುತ್ತದೆ. ಕತ್ತರಿಯ ಎರಡನೇ ಅಲಗು ಅದೇ. ಒಂದು ಬೆರಳು ತಗ್ಗಿದರೂ ಅಲ್ಲಿ ಬ್ಲೇಡಿಗೆ ಆಸರೆ ಇಲ್ಲ. ಮೊದಲ ಮತ್ತು ಕೊನೆಯ ಅಡಿಪಟ್ಟಿಯ ಮೇಲೆ ದಾರ ಬಿಗಿದು ನೋಡಿದರೆ ಯಾವುದು ತಗ್ಗಿದೆ, ಯಾವುದು ಎದ್ದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಾಲ್ಕು ಬೆರಳು ತಗ್ಗಿದ್ದವು, ಕಲ್ಲಿಗೆ ಬಡಿದದ್ದು. ಬೋಲ್ಟು ಬಿಗಿದಿರುವಾಗಲೇ ಬೆರಳಿನ ದಪ್ಪ ಭಾಗಕ್ಕೆ ಸುತ್ತಿಗೆ ಏಟು ಕೊಟ್ಟು ಎತ್ತಬೇಕು. ತುದಿಗೆ ಹೊಡೆದರೆ ಎರಕದ ಬೆರಳು ಮುರಿಯುತ್ತದೆ. ಅಂಚು ದುಂಡಾದ ಅಡಿಪಟ್ಟಿಗಳನ್ನು ಬದಲಿಸಿದೆವು.

ಆಮೇಲೆ ಪಟ್ಟಿಯನ್ನು ಮೇಲಿನಿಂದ ಅದುಮಿ ಹಿಡಿಯುವ ಕ್ಲಿಪ್ಪು. ಬ್ಲೇಡಿನ ತುದಿ ಅಡಿಪಟ್ಟಿಗೆ ತಾಗಿರಬೇಕು, ಕ್ಲಿಪ್ಪಿಗೂ ಬ್ಲೇಡಿಗೂ ನಡುವೆ ಪೋಸ್ಟ್‌ಕಾರ್ಡ್ ಸರಿದಾಡುವಷ್ಟು ಮಾತ್ರ ಸಂದು. ಹೆಚ್ಚಾದರೆ ಹುಲ್ಲು ಒಳಗೆ ಮಡಚಿ ಸಿಗುತ್ತದೆ, ಕಡಿಮೆಯಾದರೆ ಪಟ್ಟಿ ಕಾಯುತ್ತದೆ. ಪಿಟ್‌ಮನ್ ಬಿಚ್ಚಿ ಪಟ್ಟಿಯನ್ನು ಕೈಯಲ್ಲಿ ಎಳೆದಾಡಿದಾಗ ಸಲೀಸಾಗಿ ಓಡಬೇಕು.

ಬ್ಲೇಡು ಬದಲಿಸುವುದು ಅಂಜುವಂಥ ಕೆಲಸವಲ್ಲ. ಪಟ್ಟಿಯನ್ನು ವೈಸಿನ ದವಡೆಯ ಮೇಲೆ ನಿಲ್ಲಿಸಿ, ಬ್ಲೇಡಿನ ಹಿಂದಂಚಿಗೆ ಒಂದು ಬಲವಾದ ಏಟು. ಎರಡೂ ರಿವೆಟ್ಟು ತುಂಡಾಗುತ್ತವೆ. ರಿವೆಟ್ಟಿಗೆ ಡ್ರಿಲ್ ಹಿಡಿದರೆ ತೂತು ಅಗಲವಾಗಿ ಹೊಸ ಬ್ಲೇಡು ವಾರದಲ್ಲಿ ಅಲುಗಾಡುತ್ತದೆ. ಭತ್ತದ ಸೀಮೆಯಾದ ಕಾರಟಗಿ, ಸಿಂಧನೂರಿನಲ್ಲಿ ಕಟಾವು ಯಂತ್ರದ ಬ್ಲೇಡು ಸಿಗುತ್ತವೆ. ಅಗಲ ಮೂರು ಇಂಚೇ ಆದರೂ ತೂತಿನ ಅಂತರ ಹೊಂದುತ್ತದೆಯೇ ಎಂದು ಹಳೆಯದನ್ನು ಮೇಲಿಟ್ಟು ನೋಡಿಯೇ ಕೊಳ್ಳಬೇಕು. ಅವು ಹೆಚ್ಚಾಗಿ ಗರಗಸದ ಅಂಚಿನವು. ಒಣ ದಂಟಿಗೆ ಸರಿ. ಸಣ್ಣ ಹಸಿ ಹುಲ್ಲಿಗೆ ನುಣುಪು ಅಂಚೇ ಬೇಕು. ನುಣುಪು ಬ್ಲೇಡು ಮಸೆಯುವಾಗ ಮೇಲಿನ ಇಳಿಜಾರನ್ನಷ್ಟೇ ಮಸೆಯಬೇಕು, ಅದೂ ಮೊದಲಿದ್ದ ಕೋನದಲ್ಲೇ. ಅಂಚು ನೀಲಿಗಟ್ಟಿದರೆ ಹದ ಹೋಯಿತೆಂದೇ ಲೆಕ್ಕ.

ದಿನ 4

ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿದಾಗ ನಿಜವಾದ ರೋಗ ಸಿಕ್ಕಿತು. ಪಟ್ಟಿ ಎರಡೂ ಕೊನೆಗಳಲ್ಲಿ ನಿಂತಾಗ ಬ್ಲೇಡಿನ ನಡುಗೆರೆ ಬೆರಳಿನ ನಡುಗೆರೆಗೆ ಬರಬೇಕು. ಇಲ್ಲಿ ಒಳಗಡೆ 8 ಮಿಮೀ ದಾಟಿ ಹೋಗುತ್ತಿತ್ತು, ಹೊರಗಡೆ ಅಷ್ಟೇ ಕಡಿಮೆ ಬೀಳುತ್ತಿತ್ತು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಅಷ್ಟೇ ಕಡಿಮೆ ಎಂದರೆ ತಪ್ಪು ಪಿಟ್‌ಮನ್ ಉದ್ದದ್ದು. ಯಾರೋ ಹಿಂದೆ ಗಿಡ್ಡ ಕೋಲು ಹಾಕಿದ್ದರು. ಅದಕ್ಕಿಂತ 8 ಮಿಮೀ ಹೆಚ್ಚು ಉದ್ದದ ಹೊಸ ಕೋಲು ಬೇಕಾಯಿತು.

ಕೋಲಿಗೆ ಒಣಗಿದ ಕರಿಜಾಲಿ, ಎಳೆ ನೇರವಾಗಿರುವ ಗಂಟಿಲ್ಲದ ತುಂಡು. ಕಬ್ಬಿಣದ ಪೈಪು ಹಾಕಿದರೆ ಮುರಿಯುವುದಿಲ್ಲವಲ್ಲ ಎಂಬ ಸಲಹೆ ಪ್ರತಿ ವೆಲ್ಡಿಂಗ್ ಅಂಗಡಿಯಲ್ಲೂ ಪುಕ್ಕಟೆ ಸಿಗುತ್ತದೆ. ಬಾರಿಗೆ ಕಲ್ಲು ಸಿಕ್ಕಾಗ ಏನಾದರೂ ಮುರಿಯಲೇಬೇಕು. ಕೋಲು ಮುರಿಯದಿದ್ದರೆ ಪಟ್ಟಿಯ ತಲೆಯೋ ಫ್ಲೈವೀಲಿನ ಪಿನ್ನೋ ಹೋಗುತ್ತದೆ. ಈ ಯಂತ್ರದ ಫ್ಯೂಸು ಕಟ್ಟಿಗೆಯೇ.

ದಿನ 5

ಬಾರಿನ ಹೊರತುದಿ ಒಳತುದಿಗಿಂತ ಮುಂದಿರಬೇಕು. ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ಐದಡಿಗೆ ಒಂದೂಕಾಲು ಇಂಚು. ಓಡುವಾಗ ಹುಲ್ಲಿನ ಒತ್ತಡ ಹೊರತುದಿಯನ್ನು ಹಿಂದೂಡಿ ಕೋಲನ್ನೂ ಪಟ್ಟಿಯನ್ನೂ ಒಂದೇ ನೇರಕ್ಕೆ ತರುತ್ತದೆ. ಅಳೆಯುವ ಮುನ್ನ ಹೊರತುದಿಯನ್ನು ಕೈಯಿಂದ ಹಿಂದೆ ಜಗ್ಗಿ ಸಡಿಲು ತೆಗೆಯಬೇಕು. ಇಲ್ಲದಿದ್ದರೆ ಅಳತೆ ಸುಳ್ಳು. ನಮ್ಮದು ಜಗ್ಗಿದಾಗ ಅರ್ಧ ಇಂಚು ಹಿಂದಿತ್ತು. ಕೀಲಿನ ಪಿನ್ನು, ಬುಶ್ ಸವೆದಿದ್ದವು. ಹೊಸವು ಹಾಕಿದ ಮೇಲೆ ಸರಿಹೋಯಿತು.

ಹತ್ತು ನಿಮಿಷ ಖಾಲಿ ಓಡಿಸಿ, ಎಂಜಿನ್ ಆರಿಸಿ, ಫ್ಲೈವೀಲ್ ಪೂರ್ತಿ ನಿಂತ ಮೇಲೆ ಕ್ಲಿಪ್ಪುಗಳನ್ನು ಮುಟ್ಟಿ ನೋಡಿದ್ದು. ಎಲ್ಲಿ ಬಿಸಿಯೋ ಅಲ್ಲಿ ಬಿಗಿ. ಒಂದು ಕ್ಲಿಪ್ಪು ಎತ್ತಬೇಕಾಯಿತು. ಮಸಾರಿ ಧೂಳಿನಲ್ಲಿ ಪಟ್ಟಿಗೆ ಗ್ರೀಸು ಬಳಿಯಬಾರದು. ಮರಳಿನ ಜೊತೆ ಸೇರಿ ಅದೇ ಸಾಣೆಕಲ್ಲಾಗುತ್ತದೆ.

ದಿನ 6

ಹೊಲ. ಪಿಟಿಓ ನಿಮಿಷಕ್ಕೆ 540 ಸುತ್ತಿನಲ್ಲಿ, ಓಟ ಗಂಟೆಗೆ 5 ಕಿಮೀ. ನಿಧಾನ ಬೇಕೆಂದರೆ ಗೇರು ಇಳಿಸಬೇಕು. ಎಕ್ಸಲೇಟರ್ ಇಳಿಸಿದರೆ ಬ್ಲೇಡೂ ನಿಧಾನವಾಗಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಬಾರಿನ ಎರಡೂ ತುದಿಯಲ್ಲಿ ನೆಲಕ್ಕೆ ಜಾರುವ ಶೂ ನಾಲ್ಕು ಇಂಚಿನ ಎತ್ತರಕ್ಕೆ. ಅಂಜನ ಹುಲ್ಲು ಮತ್ತೆ ಚಿಗುರಲು ಅಷ್ಟು ಬುಡ ಬೇಕು, ಮಸಾರಿಯ ಗರಸೂ ತಪ್ಪುತ್ತದೆ. ಹೊಲವನ್ನು ಬಲಕ್ಕಿಟ್ಟುಕೊಂಡು ಸುತ್ತು ಹೊಡೆಯುವುದು. ಮೊದಲ ಸುತ್ತಿನಲ್ಲಿ ಟ್ರ್ಯಾಕ್ಟರು ತುಳಿದ ಒಡ್ಡಿನ ಪಟ್ಟೆಯನ್ನು ಕೊನೆಗೆ ಉಲ್ಟಾ ಸುತ್ತಿನಲ್ಲಿ ಕೊಯ್ಯುವುದು. ಹೊರತುದಿಯ ಹಲಗೆ ಹುಲ್ಲನ್ನು ಒಳಕ್ಕೆ ದೂಡಿ ಮುಂದಿನ ಸುತ್ತಿಗೆ ಶೂ ಹೋಗುವ ದಾರಿ ಬಿಡುತ್ತದೆ. ಮೊದಲ ದಿನ ಆ ಹಲಗೆಯೇ ಇರಲಿಲ್ಲ, ಒಳಶೂ ಸಿಕ್ಕಿಕೊಳ್ಳಲು ಅದೂ ಕಾರಣ.

ಲೆಕ್ಕದ ಪ್ರಕಾರ ಗಂಟೆಗೆ 1.9 ಎಕರೆ, ತಿರುವು, ಸಾಲಿನ ಮೇಲೆ ಸಾಲು ಬಿದ್ದದ್ದು ಕಳೆದು ಒಂದೂಕಾಲು ಆಯಿತು. ಎರಡು ಸಲ ಸಿಕ್ಕಿತು, ಎರಡೂ ಸಲ ಇಲಿ ತೋಡಿದ ಮಣ್ಣಿನ ಗುಡ್ಡೆಯಲ್ಲಿ. ಬಿಡಿಸಲು ಎಂಜಿನ್ ಆರಿಸಿ, ಕಟ್ಟಿಗೆಯಿಂದಲೇ. ಅಡ್ಡ ಸಿಕ್ಕ ಹುಲ್ಲು ಬಿಟ್ಟ ಕೂಡಲೇ ಪಟ್ಟಿ ಒಂದಿಂಚು ಸರಿಯಬಹುದು, ಕೈಬೆರಳು ಹೋಗಲು ಅಷ್ಟು ಸಾಕು.

ದಿನ 8

ಹುಲ್ಲು ಒಮ್ಮೆ ತಿರುವಿದ್ದಾಯಿತು. ಬಣವಿ ಒಟ್ಟುವ ಮುನ್ನ: ಒಣ ಜಾಡಿಯಲ್ಲಿ ತುಂಡರಿಸಿದ ಹುಲ್ಲು, ಒಂದು ಚಮಚ ಒಣ ಉಪ್ಪು, ಒಂದು ನಿಮಿಷ ಕುಲುಕುವುದು. ಉಪ್ಪು ಗಾಜಿಗೆ ಅಂಟಿದರೆ ತೇವ ಇನ್ನೂ ಇದೆ, ಒಟ್ಟಿದರೆ ಬೂಸಲು, ಒಳಗೆ ಕಾವು. ನಡುಸಾಲಿನ ಹುಲ್ಲಿಗೆ ಅಂಟಲಿಲ್ಲ. ಒಡ್ಡಿನ ಕರಿಕೆಗೆ ಅಂಟಿತು. ಅದನ್ನು ಇನ್ನೊಂದು ದಿನ ಬಿಸಿಲಿಗೆ ಬಿಟ್ಟಿದೆ.