ಎರಡು ಮಂಡಿಗಳ ಮೇಲೆ ನಿಂತ ಸೀಸನ್

17 ಜುಲೈ 2025, ಗುರುವಾರ
ಬಾಥೆಲ್, ವಾಷಿಂಗ್ಟನ್

ಇವತ್ತೂ ಮ್ಯಾಚಿಲ್ಲ, ನಿನ್ನೆಯೂ ಇರಲಿಲ್ಲ. ಬೇಸ್‌ಬಾಲ್‌ನ ಆಲ್‌ಸ್ಟಾರ್ ಬಿಡುವು, ಎಲ್ಲ ಟೀಮುಗಳ ತಾರೆಯರು ಸೇರಿ ಒಂದು ಪಂದ್ಯ ಆಡೋ ನಡು ಸೀಸನ್ನಿನ ರಜಾ. ಮಾರ್ಚ್ ಕೊನೆಯಿಂದ ಹೆಚ್ಚುಕಮ್ಮಿ ದಿನಾ ಆಡೋ ಸಿಯಾಟಲ್ ಮ್ಯಾರಿನರ್ಸ್ ಟೀಮು ಇದ್ದಕ್ಕಿದ್ದ ಹಾಗೆ ನಾಲ್ಕು ದಿನ ಸುಮ್ಮನಾದರೆ ಸಂಜೆ ಹೊತ್ತು ಏನು ಮಾಡೋದು ಅಂತಲೇ ತೋಚೋದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕೈ ತಾನಾಗಿ ರಿಮೋಟಿಗೆ ಹೋಯಿತು. ಸೋಫಾದ ಆ ತುದಿಯಿಂದ ಅಪ್ಪ, "ಏನೋ, ನಿಮ್ಮ ಹುಡುಗರಿಗೆ ಇನ್ನೂ ರಜಾನಾ?" ಅಂದರು.

ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಬಂದಿಳಿದಾಗ ಇದು "ಆ ನಿನ್ನ ಆಟ" ಆಗಿತ್ತು. ಜೂನ್‌ನಲ್ಲಿ "ಆ ಸಿಯಾಟಲ್‌ನವರು" ಆಯಿತು. ಈಗ "ನಿಮ್ಮ ಹುಡುಗರು" ಆಗಿದೆ. "ನಮ್ಮ ಹುಡುಗರು" ಅನ್ನಿಸೋಕೆ ಸೆಪ್ಟೆಂಬರ್ ತನಕ ಸಮಯ ಇದೆ, ಆಮೇಲೆ ಅವರ ರಿಟರ್ನ್ ಟಿಕೆಟ್.

ಆಟ ಇಲ್ಲದ ದಿನವಾದ್ದರಿಂದ ಲೆಕ್ಕ ಬರೆದಿಡೋಣ ಅಂತ ಕೂತೆ. ಅರ್ಧ ಸೀಸನ್ ಅನ್ನೋದು ಬರೀ ಮಾತಿಗೆ. 162 ಪಂದ್ಯದಲ್ಲಿ 96 ಆಗಿಹೋಗಿದೆ. ಸಿಯಾಟಲ್ ಮ್ಯಾರಿನರ್ಸ್: 51 ಗೆಲುವು, 45 ಸೋಲು. ನಮ್ಮ ಡಿವಿಷನ್ನಿನ, ಅಂದರೆ ನಮ್ಮ ಗುಂಪಿನ, ತಲೆಯ ಮೇಲೆ ಹ್ಯೂಸ್ಟನ್ ಆಸ್ಟ್ರೋಸ್ ಕೂತಿದೆ, ಐದು ಪಂದ್ಯ ಮುಂದೆ. ಡಿವಿಷನ್ ಗೆಲ್ಲದಿದ್ದರೂ ಹಿಂಬಾಗಿಲಿನಿಂದ ಪ್ಲೇಆಫ್‌ಗೆ ನುಗ್ಗೋ ವೈಲ್ಡ್ ಕಾರ್ಡ್ ಜಾಗಗಳು ಮೂರಿವೆ. ಇವತ್ತಿಗೆ ಮೂರನೆಯದರಲ್ಲಿ ನಾವಿದ್ದೇವೆ, ಬಸ್ಸಿನ ಫುಟ್‌ಬೋರ್ಡ್ ಮೇಲೆ ಒಂದು ಕಾಲಿಟ್ಟ ಹಾಗೆ.

ಇದೇ ಓಟದಲ್ಲಿ ಹೋದರೆ ಕೊನೆಗೆ 86 ಗೆಲುವು ಆಗುತ್ತೆ. ಈ ಸಂಖ್ಯೆ ನೋಡಿಯೇ ನನಗೆ ಹೊಟ್ಟೆ ತೊಳಸಿದ್ದು. 2023ರಲ್ಲಿ 88 ಗೆದ್ದರು, ಒಂದೇ ಒಂದು ಪಂದ್ಯದಲ್ಲಿ ಪ್ಲೇಆಫ್ ತಪ್ಪಿತು. 2024ರಲ್ಲಿ 85, ಮತ್ತೆ ಒಂದೇ ಪಂದ್ಯ. ಅದೂ ಹೇಗೆ, ಜೂನ್ 18ಕ್ಕೆ ಹತ್ತು ಪಂದ್ಯಗಳ ಮುನ್ನಡೆ ಇಟ್ಟುಕೊಂಡು! ಸುಮಾರು ಒಂದು ತಿಂಗಳಲ್ಲಿ ಅಷ್ಟೂ ಕರಗಿ ನೀರಾಯಿತು. ಆಗಸ್ಟ್‌ನಲ್ಲಿ ಮ್ಯಾನೇಜರನ್ನ ಕಳಿಸಿ ಡ್ಯಾನ್ ವಿಲ್ಸನ್ ಅವರನ್ನ ಕೂರಿಸಿದರು, ಅಷ್ಟರಲ್ಲಿ ಹೊತ್ತು ಮೀರಿತ್ತು. 2021ರಲ್ಲಂತೂ 90 ಗೆದ್ದೂ ಬಾಗಿಲು ತೆರೆಯಲಿಲ್ಲ. ಮರುವರ್ಷ ಅದೇ 90ಕ್ಕೆ ತೆರೆಯಿತು, 21 ವರ್ಷಗಳ ಬರ ಮುಗಿಯಿತು. ಹಾಗಾಗಿ 86 ಅಂದರೆ ನನ್ನ ಮಟ್ಟಿಗೆ ಕೊನೇ ದಿನದವರೆಗೂ ಆಸೆ ತೋರಿಸಿ ಕೈಕೊಡೋ ಅಂಕಿ.

90 ಮುಟ್ಟಬೇಕಾದರೆ ಉಳಿದ 66ರಲ್ಲಿ 39 ಗೆಲ್ಲಬೇಕು. ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೇನೆ. ಅಮ್ಮ ಅದನ್ನ ಹಾಲಿನ ಲೆಕ್ಕ ಅಂದುಕೊಂಡಿದ್ದಾಳೆ.

ಈ ಟೀಮಿನ ಆಡಳಿತದ ಮೇಲೆ ನನಗಿರೋ ಸಿಟ್ಟಿಗೂ ಒಂದು ಅಂಕಿ ಇದೆ: 54. 2023ರ ಸೀಸನ್ ಹಾಗೆ ಮುರಿದುಬಿದ್ದ ಮೇಲೆ ಬೇಸ್‌ಬಾಲ್ ವ್ಯವಹಾರಗಳ ಮುಖ್ಯಸ್ಥ ಜೆರ್ರಿ ಡಿಪೋಟೊ ಪತ್ರಕರ್ತರ ಮುಂದೆ ಕೂತು, ಹತ್ತು ವರ್ಷದ ಅವಧಿಯಲ್ಲಿ ಶೇ. 54ರಷ್ಟು ಪಂದ್ಯ ಗೆಲ್ಲುತ್ತಾ ಹೋದರೆ ವರ್ಲ್ಡ್ ಸೀರೀಸ್ (ಇಲ್ಲಿನ ಫೈನಲ್) ಒಂದು ದಿನ ತಾನಾಗೇ ಸಿಗುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ಆಮೇಲೆ ಕ್ಷಮೆ ಕೇಳಿದರು ಅನ್ನಿ. ಲೆಕ್ಕದಲ್ಲಿ ಅವರು ತಪ್ಪಿರಲಿಕ್ಕಿಲ್ಲ, ಆದರೆ 162ರ ಶೇ. 54 ಎಷ್ಟು? ಸರಿಸುಮಾರು 88. ಯಾವ 88 ಗೆದ್ದು ಮನೆಗೆ ಹೋದರೋ ಅದೇ 88. ಈ ವರ್ಷ ಇಲ್ಲಿವರೆಗೆ ಶೇ. 53. ಯೋಜನೆ ಬಹಳ ಶಿಸ್ತಿನಿಂದ ನಡೀತಿದೆ.

ಆರ್‌ಸಿಬಿ ಕಥೆ ಇಲ್ಲಿ ಬರದೇ ಇರೋದು ಸಾಧ್ಯವೇ ಇಲ್ಲ. ಹದಿನೆಂಟನೇ ಸೀಸನ್‌ನಲ್ಲಿ ಕಪ್ ಬಂದ ಆ ಜೂನ್ 3, ಇಲ್ಲಿ ಬೆಳಗಿನ ಹೊತ್ತು, ಅಪ್ಪ ಲುಂಗಿಯಲ್ಲೇ ಡ್ರೈವ್‌ವೇಗೆ ಹೋಗಿ ನಿಂತುಬಿಟ್ಟಿದ್ದರು. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜೀವ ಹೋದ ಸುದ್ದಿ ಬಂತು. ಆಮೇಲೆ ಮನೇಲಿ ಆ ಕಪ್ಪಿನ ಮಾತು ಯಾರೂ ಎತ್ತಿಲ್ಲ. ಆದರೂ ನಿಮಗೆ ಅಳತೆ ಸಿಗಲಿ ಅಂತ ಹೇಳ್ತೀನಿ: ಆ ಹದಿನೇಳು ವರ್ಷಗಳ ಕಾಯುವಿಕೆಯಲ್ಲಿ ಆರ್‌ಸಿಬಿ ಮೂರು ಸಲ ಫೈನಲ್ ಆಡಿ ಸೋತಿತ್ತು. ಮ್ಯಾರಿನರ್ಸ್ 1977ರಿಂದ ಆಡ್ತಾ ಇದ್ದಾರೆ, ವರ್ಲ್ಡ್ ಸೀರೀಸ್‌ನ ಮುಖವನ್ನೇ ನೋಡಿಲ್ಲ. ಮೂವತ್ತು ಟೀಮುಗಳಲ್ಲಿ ಹಾಗಿರೋದು ಇದೊಂದೇ. 2001ರಲ್ಲಿ 116 ಪಂದ್ಯ ಗೆದ್ದೂ ಆಗಲಿಲ್ಲ. "ಈ ಸಲ ಕಪ್ ನಮ್ದೇ" ಅನ್ನೋಕಾದರೂ ಒಂದು ಯೋಗ್ಯತೆ ಬೇಕು, ನಮಗೆ ಅದೂ ಇಲ್ಲ.

ಇಷ್ಟೆಲ್ಲ ಅಳುತ್ತಿದ್ದರೂ ಈ ವರ್ಷ ಟಿವಿ ಆರಿಸೋಕೆ ಮನಸ್ಸು ಬರ್ತಿಲ್ಲ. ಕಾರಣ ಒಬ್ಬನೇ: ಕ್ಯಾಲ್ ರಾಲಿ.

ಕ್ಯಾಚರ್. ಅಂದರೆ ನಮ್ಮ ವಿಕೆಟ್ ಕೀಪರ್ ಅನ್ನಬಹುದು, ಆದರೆ ಇಲ್ಲಿ ಕೆಲಸ ಇನ್ನೂ ಕಷ್ಟದ್ದು. ಗಂಟೆಗೆ 95 ಮೈಲಿ ವೇಗದ ಚೆಂಡಿಗೆ ಬ್ಯಾಟ್ಸ್‌ಮನ್ ಬೆನ್ನಿಗೆ ಅಂಟಿಕೊಂಡ ಹಾಗೆ ಕುಕ್ಕರುಗಾಲಲ್ಲಿ ಕೂರಬೇಕು, ಪಂದ್ಯಕ್ಕೆ ಸುಮಾರು ನೂರೈವತ್ತು ಸಲ. ಯಾವ ಚೆಂಡು ಎಲ್ಲಿ ಹಾಕಬೇಕು ಅಂತ ಪಿಚರ್‌ಗೆ, ಅಂದರೆ ಬೌಲರ್‌ಗೆ, ಹೇಳೋನೂ ಅವನೇ. ಅದಕ್ಕೇ ಕ್ಯಾಚರ್‌ಗಳ ಬ್ಯಾಟಿಂಗ್ ಬಗ್ಗೆ ಯಾರೂ ಹೆಚ್ಚು ಆಸೆ ಇಟ್ಟುಕೊಳ್ಳೋದಿಲ್ಲ. ಇವನು ನೋಡಿದರೆ ಬಿಡುವಿನ ಹೊತ್ತಿಗೆ 38 ಹೋಮ್‌ರನ್ (ನಮ್ಮ ಸಿಕ್ಸರ್ ಥರ ಬೇಲಿ ದಾಟಿಸೋ ಹೊಡೆತ) ಹೊಡೆದಿದ್ದಾನೆ! ಆಲ್‌ಸ್ಟಾರ್‌ಗೆ ಮುಂಚೆ ಇದಕ್ಕಿಂತ ಹೆಚ್ಚು ಹೊಡೆದವರು ಬೇಸ್‌ಬಾಲ್ ಚರಿತ್ರೆಯಲ್ಲೇ ಒಬ್ಬರು, 2001ರಲ್ಲಿ 39 ಹೊಡೆದ ಬ್ಯಾರಿ ಬಾಂಡ್ಸ್. ಕ್ಯಾಚರ್ ಒಬ್ಬ ಇಡೀ ಸೀಸನ್‌ನಲ್ಲಿ ಹೊಡೆದ ದಾಖಲೆ ಸಾಲ್ವಡೋರ್ ಪೆರೆಜ್‌ನ 48. ನಮ್ಮ ಟೀಮಿನ ದಾಖಲೆ ಕೆನ್ ಗ್ರಿಫಿ ಜೂನಿಯರ್‌ನ 56. ಎರಡೂ ಅಲುಗಾಡ್ತಿವೆ. ಇದರ ಮೇಲೆ ಇವನು ಎಡಗೈ, ಬಲಗೈ ಎರಡರಲ್ಲೂ ಬ್ಯಾಟ್ ಮಾಡ್ತಾನೆ.

ಅಭಿಮಾನಿಗಳು ಅವನನ್ನ ಬಿಗ್ ಡಂಪರ್ ಅಂತಾರೆ. ಅಪ್ಪ ಅದನ್ನ ಬಳ್ಳಾರಿ ಕಡೆ ಅದಿರು ಹೊರೋ ಲಾರಿ ಅಂದುಕೊಂಡು, "ಸರಿಯಾಗೇ ಇಟ್ಟಿದ್ದಾರೆ, ಲೋಡ್ ಎಳೀತಾನೆ" ಅಂತ ಮೆಚ್ಚಿಕೊಂಡರು. ಆ ಹೆಸರು ಬಂದದ್ದು ಅವನ ದಪ್ಪ ಹಿಂಭಾಗ ನೋಡಿ ಅಂತ ಅಮ್ಮನೆದುರು ಬಿಡಿಸಿ ಹೇಳೋ ಧೈರ್ಯ ನನಗೆ ಬರಲಿಲ್ಲ. ಅಪ್ಪನ ಅರ್ಥವೇ ಇರಲಿ ಬಿಡಿ, ಅದೇ ಚೆನ್ನಾಗಿದೆ.

ಸೋಮವಾರ ಅಟ್ಲಾಂಟದಲ್ಲಿ ನಡೆದ ಹೋಮ್‌ರನ್ ಡರ್ಬಿಯನ್ನೂ, ಅಂದರೆ ಯಾರು ಹೆಚ್ಚು ಹೋಮ್‌ರನ್ ಹೊಡೀತಾರೆ ಅನ್ನೋ ಪೈಪೋಟಿಯನ್ನೂ, ಅವನೇ ಗೆದ್ದ. ಡರ್ಬಿ ಗೆದ್ದ ಮೊದಲ ಕ್ಯಾಚರ್. ಮೊದಲ ಸುತ್ತಿನಲ್ಲೇ ಮನೆಗೆ ಹೋಗಬೇಕಿತ್ತು: ಇವನದೂ 17, ಬ್ರೆಂಟ್ ರೂಕರ್‌ನದೂ 17. ಯಾರ ಚೆಂಡು ದೂರ ಹೋಗಿತ್ತು ಅಂತ ಅಳೆದರು, ಇಬ್ಬರದೂ 470 ಅಡಿ ದಾಟಿತ್ತು, ಸುಮಾರು ಒಂದಿಂಚಿನಲ್ಲಿ ಇವನು ಉಳಿದುಕೊಂಡ. ಚೆಂಡು ಎಸೆದುಕೊಡ್ತಿದ್ದದ್ದು ಅವರಪ್ಪ. ಹಿಂದೆ ಕೂತು ಹಿಡೀತಿದ್ದದ್ದು ಹದಿನೈದು ವರ್ಷದ ತಮ್ಮ. ನಮ್ಮಪ್ಪ ಅದನ್ನ ನೋಡಿ ಏನೂ ಅನ್ನಲಿಲ್ಲ, ಟೀವಿಗೆ ಹತ್ತಿರ ಕುರ್ಚಿ ಎಳೆದುಕೊಂಡರು ಅಷ್ಟೆ.

ಮಂಗಳವಾರದ ಆಲ್‌ಸ್ಟಾರ್ ಪಂದ್ಯದಲ್ಲಿ ಇನ್ನೊಂದು ತಮಾಷೆ. ಎಸೆದ ಚೆಂಡು ಸ್ಟ್ರೈಕೋ (ಹೊಡೆಯಬಹುದಾದ ಜಾಗದಲ್ಲಿ ಬಂತೋ) ಅಲ್ಲವೋ ಅಂತ ಅಂಪೈರ್ ತೀರ್ಪನ್ನ ಯಂತ್ರದ ಮುಂದೆ ಪ್ರಶ್ನಿಸೋ ಅವಕಾಶ ಮೊದಲ ಸಲ ಈ ಪಂದ್ಯಕ್ಕೆ ತಂದಿದ್ದರು. ಮೊದಲು ತಲೆ ಮುಟ್ಟಿ ಸನ್ನೆ ಮಾಡಿದವನು ರಾಲಿಯೇ, ಗೆದ್ದವನೂ ಅವನೇ. "ಇದು ನಮ್ಮ ಡಿಆರ್‌ಎಸ್ ಅಲ್ವೇನೋ, ಇವರಿಗೆ ಈಗ ಗೊತ್ತಾಯ್ತಾ?" ಅಂತ ಅಪ್ಪನಿಗೆ ಬಹಳ ಖುಷಿ. ಪಂದ್ಯ 6-6ಕ್ಕೆ ಸಮ ಆಗಿ, ಕೊನೆಗೆ ಸೂಪರ್ ಓವರ್ ಥರ ಹೋಮ್‌ರನ್ ಹೊಡೆಯೋ ಸ್ಪರ್ಧೆಯಲ್ಲಿ ತೀರ್ಮಾನವಾದಾಗಲಂತೂ ಅವರಿಗೆ ಈ ದೇಶದ ಮೇಲೆ ಗೌರವವೇ ಹೆಚ್ಚಿತು.

ಅಪ್ಪ ಪಿಡಬ್ಲ್ಯುಡಿ ಟೀಮಿಗೆ ಹದಿನಾರು ವರ್ಷ ಕೀಪಿಂಗ್ ಮಾಡಿದವರು, ಮ್ಯಾಟಿಂಗ್ ಪಿಚ್ ಮೇಲೆ. ಎರಡು ವರ್ಷದ ಹಿಂದೆ ಬಲಮಂಡಿ ಬದಲಾಯಿಸಿದೆ. ಜುಲೈ 6ರ ಭಾನುವಾರ ಅಪ್ಪ ಅಮ್ಮ ಇಬ್ಬರನ್ನೂ ಮ್ಯಾರಿನರ್ಸ್ ಆಡೋ ಟಿ-ಮೊಬೈಲ್ ಪಾರ್ಕಿಗೆ ಕರಕೊಂಡು ಹೋಗಿದ್ದೆ. ಲಿನ್‌ವುಡ್‌ನಲ್ಲಿ ಕಾರು ಬಿಟ್ಟು ರೈಲಿನಲ್ಲಿ ಸ್ಟೇಡಿಯಂ ಸ್ಟೇಷನ್. ಹೊರಗಿನ ತಿಂಡಿ ಒಳಗೆ ಬಿಡ್ತಾರೆ ಅಂತ ತಿಳಿದದ್ದೇ ಅಮ್ಮನ ಮುಖ ಅರಳಿತು, ಕೋಡುಬಳೆ, ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ. ಅಲ್ಲಿ ಹುರಿದ ಮಿಡತೆ ಮಾರ್ತಾರೆ ಅಂತ ನಾನು ಬಾಯಿ ತಪ್ಪಿ ಹೇಳಿದೆ, ಆಮೇಲೆ ಪಕ್ಕದವರ ತಟ್ಟೆ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಎದುರಾಳಿ ಪಿಟ್ಸ್‌ಬರ್ಗ್, ಅವರ ಪಿಚರ್ ಪಾಲ್ ಸ್ಕೀನ್ಸ್. 1-0ಕ್ಕೆ ಗೆದ್ದೆವು. ಅದರ ಹಿಂದಿನ ದಿನವೂ 1-0, ಅದಕ್ಕೂ ಹಿಂದಿನ ದಿನ 6-0. ಮೂರು ದಿನ ಎದುರಾಳಿಗೆ ಒಂದು ರನ್ನೂ ಕೊಡಲಿಲ್ಲ. ನಾನು ಕುಣೀತಿದ್ದೆ. ಅಪ್ಪ ಮಾತ್ರ, "ಮಧ್ಯಾಹ್ನ ಪೂರ್ತಿ ಕೂತಿದ್ದಕ್ಕೆ ಒಂದು ರನ್ನಾ ಮಾರಾಯ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಕೆಳಗೆ ಕ್ಯಾಚರ್ ಕಡೆ ಬೆರಳು ತೋರಿಸಿ, "ಆದರೆ ಇವನು ಎಷ್ಟು ಸಲ ಎದ್ದು ಕೂತ ನೋಡ್ದಾ? ಇವನಿಗೆ ರಜಾ ಯಾವಾಗ?"

ನನ್ನ ಚಿಂತೆ ಅಷ್ಟೂ ಆ ಪ್ರಶ್ನೆಯಲ್ಲೇ ಇದೆ. ಕ್ಯಾಚ್ ಮಾಡದ ದಿನ ಅವನು ಬರೀ ಬ್ಯಾಟ್ ಮಾಡೋ ಡಿಎಚ್ ಆಗಿ ಇಳೀತಾನೆ, ಪೂರ್ತಿ ಕೂರೋದು ಅಪರೂಪ. ವಿಲ್ಸನ್ ಸ್ವತಃ ಈ ಟೀಮಿಗೆ ವರ್ಷಗಟ್ಟಲೆ ಕ್ಯಾಚರ್ ಆಗಿದ್ದವರು, ಅವರಿಗೆ ಮಂಡಿಯ ಕಥೆ ಹೇಳಿಕೊಡಬೇಕಿಲ್ಲ. ಆದರೆ ಅವನನ್ನ ಕೂರಿಸಿದರೆ ರನ್ ಹೊಡೆಯೋರು ಯಾರು? ರಾಂಡಿ ಅರೊಜರೇನ ಈಗ ಬಿಸಿಯಾಗಿದ್ದಾನೆ, ಸರಿ. ಹೂಲಿಯೋ ರೊಡ್ರಿಗೆಸ್ ಪ್ರತಿ ವರ್ಷದ ಹಾಗೆ ಮೊದಲರ್ಧ ನಿದ್ದೆಗಣ್ಣಲ್ಲಿ ಕಳೆದ. ಆಲ್‌ಸ್ಟಾರ್‌ಗೂ ಹೋಗದೆ ವಿಶ್ರಾಂತಿ ತಗೊಂಡ, ಅದು ಒಳ್ಳೇ ನಿರ್ಧಾರ. ಮಳೆಗಾಲ ಮುಗಿಯೋ ಹೊತ್ತಿಗೆ ತುಂಬೋ ಕೆರೆ ಅವನು, ಆಗಸ್ಟ್‌ನಲ್ಲಿ ನೋಡೋಣ. ಮೊದಲ ಬೇಸ್ ಮತ್ತು ಮೂರನೇ ಬೇಸ್ ಕಾಯೋ ಆಟಗಾರರ ಜಾಗದಲ್ಲಿ ನಿಜವಾದ ತೂತಿದೆ. ಮೂರನೆಯದರಲ್ಲಿ ಬೆನ್ ವಿಲಿಯಮ್ಸನ್ ಕೈ ಬಂಗಾರ, ಬ್ಯಾಟು ಮಾತ್ರ ಇನ್ನೂ ಮಾತಾಡಿಲ್ಲ.

ಜುಲೈ 31 ಟ್ರೇಡ್‌ಗೆ, ಅಂದರೆ ಟೀಮುಗಳ ನಡುವೆ ಆಟಗಾರರ ಅದಲುಬದಲಿಗೆ, ಕೊನೇ ದಿನ. ನನ್ನ ಬೇಡಿಕೆ ಒಂದೇ: ಯುಹೇನಿಯೊ ಸುವಾರೆಸ್‌ನನ್ನ ವಾಪಸ್ ತನ್ನಿ. ಎರಡು ವರ್ಷ ಇಲ್ಲೇ ಮೂರನೇ ಬೇಸ್ ಆಡಿದವನು. 2023ರ ಕೊನೆಗೆ ಇವರೇ ಅರಿಜೋನಾಕ್ಕೆ ಸಾಗಹಾಕಿದರು. ಈಗ ಅಲ್ಲಿ ಧಾರಾಳವಾಗಿ ಹೋಮ್‌ರನ್ ಹೊಡೀತಿದ್ದಾನೆ. ಮೊನ್ನೆ ಆಲ್‌ಸ್ಟಾರ್ ಪಂದ್ಯದಲ್ಲಿ ಕೈಗೆ ಚೆಂಡು ಬಡಿಸಿಕೊಂಡಾಗ ಎದೆ ಧಸಕ್ಕೆಂದಿತು, ನಮ್ಮವನಲ್ಲದಿದ್ದರೂ. ಎಳೇ ಹುಡುಗರನ್ನ ಎರಡು ಮೂರು ಜನ ಕೊಡಬೇಕಾಗುತ್ತೆ, ಕೊಡಲಿ. 38 ಹೋಮ್‌ರನ್ನಿನ ಕ್ಯಾಚರ್ ಪ್ರತಿ ವರ್ಷ ಸಿಗ್ತಾನಾ? ಶೇ. 54ರ ಜನ ಇದನ್ನ ಹೇಗೆ ಲೆಕ್ಕ ಹಾಕ್ತಾರೋ, ಅದೇ ಭಯ.

ಪಿಚಿಂಗ್ ಬಗ್ಗೆ ಭಯವಿಲ್ಲ ಅಂದರೆ ಸುಳ್ಳಾಗುತ್ತೆ. ಜಾರ್ಜ್ ಕರ್ಬಿ ಭುಜ ನೋವು ವಾಸಿಯಾಗಿ ಮೇ ಕೊನೆಗೆ ಬಂದ, ಲೋಗನ್ ಗಿಲ್ಬರ್ಟ್ ಜೂನ್ ಮಧ್ಯಕ್ಕೆ. ಬ್ರೈಸ್ ಮಿಲ್ಲರ್ ಮೊಣಕೈ ಇನ್ನೂ ರಿಪೇರಿಯಲ್ಲಿದೆ. ಮೊದಲ ದಿನದಿಂದ ಗಡಿಯಾರದ ಹಾಗೆ ನಡೆದವನು ಬ್ರಯನ್ ವೂ ಒಬ್ಬ: ಇಳಿದ ಪ್ರತಿ ಪಂದ್ಯದಲ್ಲೂ ಆರು ಇನ್ನಿಂಗ್ಸ್‌ಗೆ ಕಡಿಮೆ ಇಲ್ಲ. ಕಳೆದ ಗುರುವಾರ ನ್ಯೂಯಾರ್ಕ್‌ನಲ್ಲಿ ಏಳು ಇನ್ನಿಂಗ್ಸ್ ತನಕ ಯಾಂಕೀಸ್‌ಗೆ ಒಂದು ಹಿಟ್ (ಬೇಸ್ ತಲುಪಿಸೋ ಹೊಡೆತ) ಕೂಡ ಕೊಡಲಿಲ್ಲ, ನಾವು 5-0 ಮುಂದೆ. ಕೊನೆಗೆ 6-5ಕ್ಕೆ ಸೋತೆವು. ಆ ರಾತ್ರಿ ನಾನು ಊಟ ಬಿಟ್ಟೆ, "ಯಾವನೋ ಸೋತರೆ ಅನ್ನದ ಮೇಲೇನೋ ಕೋಪ" ಅಂತ ಅಮ್ಮ ಬೈದಳು. ಮರುದಿನದಿಂದ ಡೆಟ್ರಾಯಿಟ್‌ನಲ್ಲಿ, ಎಲ್ಲರಿಗಿಂತ ಮುಂದಿದ್ದ ಟೈಗರ್ಸ್ ಮೇಲೆ 12-3, 15-7, 8-4. ಇದೇ ಟೀಮು! ನಾಲ್ಕು ದಿನದಲ್ಲಿ ಸ್ಮಶಾನ ಮತ್ತು ಮದುವೆಮನೆ ಎರಡೂ ತೋರಿಸಿದರು. ಇವರ ಬಗ್ಗೆ ಭವಿಷ್ಯ ಹೇಳೋದು ಹೇಗೆ?

ಆದರೂ ಹೇಳ್ತೀನಿ, ಬರೆದಿಟ್ಟಿರಲಿ. ಸುವಾರೆಸ್ ಬಂದು ಮೊದಲ ಬೇಸ್‌ಗೂ ಒಬ್ಬ ಸಿಕ್ಕರೆ 90, ಡಿವಿಷನ್ ನಮ್ಮದು. ಬರದಿದ್ದರೆ 86, ಅಕ್ಟೋಬರ್‌ನಲ್ಲಿ ನಾನು ದಸರಾ ಗೊಂಬೆ ಎತ್ತಿಡ್ತಿರ್ತೀನಿ.

ಇನ್ನು ಹತ್ತು ದಿನಕ್ಕೆ ಮ್ಯಾರಿನರ್ಸ್‌ನ ಹಳೇ ತಾರೆ ಇಚಿರೋ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ಸೇರ್ತಾನೆ. 394 ವೋಟಿನಲ್ಲಿ 393 ಬಿತ್ತು. ಆ ಉಳಿದೊಬ್ಬ ಯಾರು ಅಂತ ಸಿಯಾಟಲ್ ಇನ್ನೂ ಹುಡುಕ್ತಿದೆ. ಆಗಸ್ಟ್ 9ಕ್ಕೆ ಇಲ್ಲಿ ಅವನ 51ನೇ ನಂಬರನ್ನ ಇನ್ಯಾರಿಗೂ ಕೊಡದ ಹಾಗೆ ಎತ್ತಿಡ್ತಾರೆ. ಆ ದಿನದ ಟಿಕೆಟ್ ಬೆಲೆ ನೋಡಿ ಪುಟ ಮುಚ್ಚಿದೆ.

ನಾಳೆಯದು ಮಾತ್ರ ತಗೊಂಡಿದ್ದೇನೆ. ಬಿಡುವು ಮುಗಿದು ಮೊದಲ ಪಂದ್ಯ, ಅದೂ ಆಸ್ಟ್ರೋಸ್ ಜತೆ, ನಮ್ಮಲ್ಲೇ, ಮೂರು ದಿನ. ಐದರ ಅಂತರ ಎರಡಕ್ಕಿಳಿಯಬಹುದು, ಎಂಟಕ್ಕೂ ಏರಬಹುದು. ಈ ಸಲ ಕ್ಯಾಚರ್‌ನ ನೇರ ಹಿಂದೆ ಸೀಟು, ಅಪ್ಪನಿಗೆ ಅಲ್ಲಿಂದಲೇ ನೋಡಬೇಕಂತೆ. ಸ್ವಲ್ಪ ದುಬಾರಿಯಾಯಿತು, ಮನೇಲಿ ಇನ್ನೂ ಹೇಳಿಲ್ಲ. ಅಡುಗೆಮನೆಯಿಂದ ನಿಪ್ಪಟ್ಟು ಕರಿಯೋ ವಾಸನೆ ಬರ್ತಿದೆ, ಸ್ಮೋಕ್ ಅಲಾರಂ ಒಂದು ಸಲ ಕೂಗಿಯೂ ಆಯಿತು.

ಈಗಷ್ಟೇ ಅಪ್ಪ ಬಂದು ಕೇಳಿದರು, "ನಾಳೆ ಆ ಹುಡುಗ ಕೀಪಿಂಗ್ ಮಾಡ್ತಾನಾ, ಬರೀ ಬ್ಯಾಟಿಂಗಾ?"

"ನಾಳೆ ಟೀಮ್ ಪಟ್ಟಿ ಬಂದ ಮೇಲೇ ಗೊತ್ತಾಗೋದು ಅಪ್ಪ. ಅದಕ್ಕೇ ಅಂತ ಸೀಟು ತಗೊಂಡಿದೀನಿ, ಮಾಡಬಹುದು."

ಮಂಡಿ ನೀವಿಕೊಳ್ತಾ ಸ್ವಲ್ಪ ಹೊತ್ತು ನಿಂತಿದ್ದರು. "ಬರೀ ಬ್ಯಾಟಿಂಗ್ ಆದ್ರೂ ಪರವಾಗಿಲ್ಲ ಬಿಡು," ಅಂದು ಮಲಗೋಕೆ ಹೋದರು.