ಎರಡನೆಯ ಕ್ಲಾರಿನೆಟ್ಟಿನ ಕಾಗದಗಳು

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಡೆಯುತ್ತಿದ್ದ, ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಕಲಿಸುವ ತರಗತಿಗೆ ನಮ್ಮ ವರ್ಷದ 18 ವಿದ್ಯಾರ್ಥಿಗಳಲ್ಲಿ ನಾಲ್ವರು ಮಾತ್ರ ತಪ್ಪದೆ ಹೋಗುತ್ತಿದ್ದರು. ಆ ನಾಲ್ವರಲ್ಲಿ ನಾನು ಇರಲಿಲ್ಲ. 1979ರಲ್ಲಿ ಮೈಸೂರಿನ ನಮ್ಮ ಸಂಗೀತ ಕಾಲೇಜಿಗೆ ಸೇರಿದಾಗ ಮೊದಲ ಎರಡು ತಿಂಗಳು ಹೋದೆ, ಆಮೇಲೆ ಬಿಟ್ಟೆ. ಪಾಠ ಹೇಳುತ್ತಿದ್ದವರು ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾಗಿದ್ದ ಹಿರಿಯರು. ಅವರು ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು, ಐದು ಸೀಮೆಸುಣ್ಣದ ತುಂಡುಗಳನ್ನು ಸಿಕ್ಕಿಸಿದ ಒಂದು ಮರದ ಹಿಡಿಯನ್ನು ಚೀಲದಿಂದ ತೆಗೆದು, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆತದಲ್ಲಿ ಐದು ಗೆರೆ ಎಳೆಯುತ್ತಿದ್ದರು. ಆ ಗೆರೆಗಳು ಎಂದೂ ಸೊಟ್ಟಗಾಗುತ್ತಿರಲಿಲ್ಲ ಎಂಬುದು ನನಗೆ ಈಗಲೂ ನೆನಪಿದೆ. ಅವುಗಳ ಮೇಲೆ ಅವರು ಬರೆದದ್ದು ಮಾತ್ರ ಆಗ ನನ್ನ ತಲೆಗೆ ಇಳಿಯಲಿಲ್ಲ. ನಮ್ಮದು ಗುರುಮುಖದಿಂದ ಬರುವ ವಿದ್ಯೆ, ಕಿವಿಯಿದ್ದವನಿಗೆ ಕಾಗದ ಏಕೆ ಎಂಬ ಮಾತು ನಮ್ಮ ಗುಂಪಿನಲ್ಲಿ ಬಹಳ ಓಡಾಡುತ್ತಿತ್ತು, ಅದನ್ನು ನಾನೂ ನಂಬಿದ್ದೆ.

ನಮ್ಮ ಪಿಟೀಲು ಮೇಷ್ಟ್ರು ಹಾಗೆ ನಂಬಿದವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಾಠವಾದ ಮೇಲೆ ಅವರು ಪ್ರತಿಯೊಬ್ಬರ ಕೈಯಲ್ಲೂ ಸ್ವರಪ್ರಸ್ತಾರ, ಎಂದರೆ ಪಾಠವನ್ನು ಸ ರಿ ಗ ಅಕ್ಷರಗಳಲ್ಲಿ, ಬರೆಸುತ್ತಿದ್ದರು; ಬರೆದ ಪುಸ್ತಕವನ್ನು ನೋಡದೆ ಮುಂದಿನ ಸಂಗತಿ ಹೇಳಿಕೊಡುತ್ತಿರಲಿಲ್ಲ. ಕೆಳಗಿನ ಸ್ಥಾಯಿಯಾದ ಮಂದ್ರಕ್ಕೆ ಕೆಳಗೆ ಚುಕ್ಕಿ, ಮೇಲಿನ ಸ್ಥಾಯಿಯಾದ ತಾರಕ್ಕೆ ಮೇಲೆ ಚುಕ್ಕಿ, ಇಮ್ಮಡಿ ವೇಗದ ಎರಡನೆಯ ಕಾಲಕ್ಕೆ ಸ್ವರಗಳ ಮೇಲೊಂದು ಗೆರೆ, ಒಂದಕ್ಷರ ನಿಲ್ಲುವುದಕ್ಕೆ ಅಲ್ಪವಿರಾಮ, ಎರಡಕ್ಷರಕ್ಕೆ ಅರ್ಧವಿರಾಮ. ಇಷ್ಟು ಸಣ್ಣ ಸಾಮಗ್ರಿಯಲ್ಲಿ ಭೈರವಿ ರಾಗದ ಅಟತಾಳ ವರ್ಣದಂಥ ದೊಡ್ಡ ರಚನೆ ಎರಡು ಪುಟಗಳಲ್ಲಿ ಕುಳಿತುಬಿಡುತ್ತಿತ್ತು. ಆದರೆ ಅದೇ ವರ್ಣವನ್ನು ತೋರಿಸಿ ಅವರು ಇನ್ನೊಂದು ಪಾಠವನ್ನೂ ಹೇಳಿದರು. ಭೈರವಿಯಲ್ಲಿ ಏರುವಾಗ ಮೇಲಿನ ಧೈವತವಾದ ಚತುಶ್ರುತಿ ಧೈವತ ಬರುತ್ತದೆ, ಇಳಿಯುವಾಗ ಅದಕ್ಕಿಂತ ಕೆಳಗಿನ ಶುದ್ಧ ಧೈವತ ಬರುತ್ತದೆ. ಪುಸ್ತಕದಲ್ಲಿ ಎರಡಕ್ಕೂ ಒಂದೇ 'ದ' ಅಕ್ಷರ. ಗಾಂಧಾರ ಎಷ್ಟು ಓಲಾಡಬೇಕೆಂಬುದಂತೂ ಅಲ್ಲಿ ಇಲ್ಲವೇ ಇಲ್ಲ. ಇದನ್ನು ಕೊರತೆಯೆಂದು ಕಂಡವರು ಹಿಂದೆಯೂ ಇದ್ದರು. ಮದರಾಸಿನ ಚಿನ್ನಸ್ವಾಮಿ ಮೊದಲಿಯಾರರು 1893ರಲ್ಲಿ ನಮ್ಮ ಕೃತಿಗಳನ್ನು ಯುರೋಪಿನ ಐದು ಗೆರೆಗಳ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅವರ ಒತ್ತಾಸೆಯಿಂದ ಮುಂದೆ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಹೊರತಂದ ತಮ್ಮ ಬೃಹತ್ ಗ್ರಂಥದಲ್ಲಿ ಸ್ವರದ ಓಲಾಟವಾದ ಗಮಕದ ಒಂದೊಂದು ಬಗೆಗೂ ಒಂದೊಂದು ಚಿಹ್ನೆಯನ್ನು ಕಟ್ಟಿದರು. ಗುರುಮುಖದಲ್ಲೇ ಕಲಿತು, ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸಂಪತ್ತನ್ನೆಲ್ಲ ಕಂಠದಲ್ಲಿ ಇಟ್ಟುಕೊಂಡಿದ್ದ ಮಹನೀಯರೇ ಕಾಗದಕ್ಕಾಗಿ ಇಷ್ಟು ದುಡಿದರು ಎಂಬುದನ್ನು ಮೇಷ್ಟ್ರು ಪದೇ ಪದೇ ನೆನಪಿಸುತ್ತಿದ್ದರು. "ಶನಿವಾರದ ಪಾಠಕ್ಕೆ ಹೋಗಪ್ಪ, ಅವರಂಥವರು ಮತ್ತೆ ಸಿಗುವುದಿಲ್ಲ" ಎಂದು ನನಗೂ ಎರಡು ಸಲ ಹೇಳಿದರು. ನಾನು ಹೋಗಲಿಲ್ಲ.

1984ರಲ್ಲಿ ನನಗೆ ಮದರಾಸಿನ ಒಂದು ಧ್ವನಿಮುದ್ರಣ ಸ್ಟುಡಿಯೋದಿಂದ ಕರೆ ಬಂದಿತು. ಪಿಟೀಲುಗಳ ಸಾಲಿನಲ್ಲಿ ಒಬ್ಬರು ಕಾಯಿಲೆ ಬಿದ್ದಿದ್ದರಿಂದ ಬದಲಿಗೆ ಒಬ್ಬ ಬೇಕಾಗಿದ್ದ. ಕುರ್ಚಿಯ ಮೇಲೆ ಕುಳಿತು, ಪಿಟೀಲನ್ನು ಗದ್ದಕ್ಕೆ ಒತ್ತಿ ಹಿಡಿದು ನುಡಿಸುವುದನ್ನು ನಾನು ಅದಕ್ಕೆ ಮುಂಚೆಯೇ ಒಂದಷ್ಟು ರೂಢಿಸಿಕೊಂಡಿದ್ದೆ; ಅಷ್ಟೇ ಸಾಕೆಂದು ತಿಳಿದಿದ್ದೆ. ಬೆಳಗಿನ ಕಾಲ್‌ಷೀಟಿಗೆ ಹೋಗಿ ಕುಳಿತಾಗ ನನ್ನ ಮುಂದಿನ ಸ್ಟ್ಯಾಂಡಿನ ಮೇಲೆ ಎರಡು ಹಾಳೆ ತಂದಿಟ್ಟರು. ಐದು ಗೆರೆಗಳು, ಅವುಗಳ ಮೇಲೆ ಒತ್ತಾದ ಕಪ್ಪು ಕಾಳುಗಳು. ಒಂದು ಸಲ ನುಡಿಸಿ ನೋಡುತ್ತಾರೆ, ಎರಡನೆಯ ಸಲಕ್ಕೆ ಟೇಕ್, ಎಂದರೆ ನಿಜವಾದ ಮುದ್ರಣ. ಗಾಯಕರೂ ವಾದ್ಯದವರೂ ಒಟ್ಟಿಗೆ ಹಾಡಿ ನುಡಿಸುವ ಪದ್ಧತಿ ಅಲ್ಲಿ ಇನ್ನೂ ಉಳಿದಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಪಕ್ಕದವರ ಬಿಲ್ಲನ್ನು ನೋಡುತ್ತ, ಅವರ ಸ್ವರವನ್ನು ಕೇಳಿ ಕೇಳಿ ನಾನು ನುಡಿಸಿದೆ. ಕೇಳಿದ ಮೇಲೆ ನುಡಿಸುವವನು ಕೂದಲೆಳೆಯಷ್ಟಾದರೂ ಹಿಂದೆ ಬೀಳಲೇಬೇಕು. ಮೂರು ಟೇಕುಗಳು ಕೆಟ್ಟವು. ನಾಲ್ಕನೆಯದಕ್ಕೆ ಮುಂಚೆ ಒಬ್ಬರು ಬಂದು, ಎಲ್ಲರೆದುರಿಗೆ, ನನ್ನನ್ನು ಹೊರಗೆ ಕುಳಿತಿರುವಂತೆ ಹೇಳಿದರು.

ಆ ಮಾತಿನ ಧಾಟಿ ಒರಟಾಗಿತ್ತು, ಆದರೆ ಅದರ ಕಾರಣ ನ್ಯಾಯವಾದದ್ದು ಎಂದು ನನಗೆ ಆಗಲೇ ಗೊತ್ತಿತ್ತು. ಮೂವತ್ತು ಜನರ ದುಡಿಮೆಯ ಸಮಯವನ್ನು ನಾನು ತಿಂದಿದ್ದೆ.

ಚಹಾದ ಬಿಡುವಿನಲ್ಲಿ, ನನ್ನ ಪಕ್ಕದಲ್ಲಿ ಕುಳಿತಿದ್ದ ಗೋವೆಯ ಹಿರಿಯ ವಾದಕರು ಹೊರಗೆ ಬಂದು, ನನ್ನ ಹಾಳೆಗಳನ್ನೇ ಮಡಿಲ ಮೇಲೆ ಹರಡಿಕೊಂಡು, ಮೊಂಡು ಪೆನ್ಸಿಲಿನಿಂದ ಒಂದೊಂದು ಕಾಳಿನ ಕೆಳಗೂ ಸ ರಿ ಗ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದರು. ಒಂದು ಹಾಳೆ ಮುಗಿಯುವಷ್ಟರಲ್ಲಿ ಬಿಡುವು ಮುಗಿಯಿತು. ತಮಿಳಿನಲ್ಲಿ ಅವರು ಹೇಳಿದ್ದು ಇಷ್ಟೆ: ಇವತ್ತಿಗೆ ಬರೆದುಕೊಟ್ಟೆ ತಮ್ಮಾ, ನಾಳೆ ಬರೆಯಲು ನಾನು ಪಕ್ಕದಲ್ಲಿ ಇರುವುದಿಲ್ಲ. ಅವರು ಓದಲು ಕಲಿತದ್ದು ಚಿಕ್ಕಂದಿನಲ್ಲಿ, ತಮ್ಮ ಊರಿನ ಇಗರ್ಜಿಯ ಶಾಲೆಯಲ್ಲಿ. ಪೋರ್ಚುಗೀಸರ ಕಾಲದಿಂದ ಗೋವೆಯ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿಯನ್ನು ಹಾಡಿ ಓದಿಸುವ ರೂಢಿಯಿತ್ತು. ಮುಂಬಯಿಯ ಚಿತ್ರಸಂಗೀತದ ವಾದ್ಯಗೋಷ್ಠಿಗಳು ಬಹುಮಟ್ಟಿಗೆ ಅದೇ ಓದಿನ ಬಲದ ಮೇಲೆ ನಿಂತವು. ಮಜೋರ್ಡಾ ಊರಿನ ಆಂಥೋನಿ ಗೊನ್ಸಾಲ್ವಿಸ್ ಅವರು ಪಿಟೀಲು ನುಡಿಸಿದ್ದಷ್ಟೇ ಅಲ್ಲ, ಮುಂದೆ ಸಂಗೀತ ನಿರ್ದೇಶಕರಾದ ಪ್ಯಾರೇಲಾಲ್ ಅವರಿಗೆ ಗುರುವೂ ಆದರು. ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಅವರ ಬಳಿ ಕಲಿತ ಇಳಯರಾಜ, ನಮ್ಮ ಜಿ. ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದ ಇಳಯರಾಜ, ಎಲ್ಲ ವಾದ್ಯಗಳ ಪಾಲನ್ನೂ ತಾವೇ ಕಾಗದದ ಮೇಲೆ ಬರೆಯುತ್ತಾರೆಂಬುದು ಆ ಊರಿನ ವಾದ್ಯದವರಿಗೆಲ್ಲ ದಿನನಿತ್ಯದ ಸಂಗತಿ. ಅಂಥ ಊರಿಗೆ ನಾನು ಓದಲು ಬಾರದೆ ಹೋಗಿದ್ದೆ.

ಮರುದಿನವೇ ಮೈಸೂರಿಗೆ ರೈಲು ಹತ್ತಿದೆ. ಐದು ವರ್ಷಗಳ ಹಿಂದೆ ಯಾರ ತರಗತಿಯನ್ನು ತಪ್ಪಿಸಿದ್ದೆನೋ ಅವರ ಮನೆಯ ಬಾಗಿಲಿಗೆ ಹೋಗಿ ನಿಂತೆ. ಅವರು ಏಕೆ ಬಂದೆ ಎಂದು ಕೇಳಲಿಲ್ಲ. "ಊಟ ಆಯ್ತೇನಪ್ಪ?" ಎಂದರು, ಆಮೇಲೆ ಒಳಗಿನಿಂದ ಆ ಐದು ಸುಣ್ಣದ ಹಿಡಿಯನ್ನು ತಂದರು.

ಆರು ವಾರ, ಪ್ರತಿದಿನ ಸಂಜೆ, ಅವರ ಜಗುಲಿಯಲ್ಲಿ ನನ್ನ ಪಾಠ ನಡೆಯಿತು. ನಮ್ಮ ಸಂಗೀತ ಕಲಿತವನಿಗೆ ಆ ಲಿಪಿಯಲ್ಲಿ ನಿಜವಾಗಿ ತೊಡಕಾಗುವುದು ಷಡ್ಜ. ನಮಗೆ ಷಡ್ಜ ಎಲ್ಲಿ ಶ್ರುತಿ ಹಿಡಿದೆವೋ ಅಲ್ಲಿರುತ್ತದೆ, ಒಂದು ಮನೆಯ ಶ್ರುತಿಯಾದರೂ ಸರಿ, ಐದು ಮನೆಯ ಶ್ರುತಿಯಾದರೂ ಸರಿ; ಬೆರಳಿಗೆ ಅದು ಯಾವಾಗಲೂ 'ಸ'. ಆ ಗೆರೆಗಳ ಮೇಲಾದರೋ ಒಂದೊಂದು ಸ್ವರಕ್ಕೂ ಕದಲದ ಜಾಗವಿದೆ. "ನಿನ್ನ ಷಡ್ಜವನ್ನು ಸ್ವಲ್ಪ ಹೊತ್ತು ಮನೆಯಲ್ಲಿ ಬಿಟ್ಟು ಬಾ" ಎಂದು ಅವರು ಮೊದಲ ವಾರವೆಲ್ಲ ಹೇಳಿದರು. ಎರಡನೆಯ ವಾರ ಅದನ್ನು ಅವರೇ ಕರೆತಂದರು. ಸಾಲಿನ ಆರಂಭದಲ್ಲಿ, ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಎರಡು ಶಾರ್ಪ್ ಚಿಹ್ನೆಗಳನ್ನು ಬರೆದು, ಕೆಳಗಿನ ಗೆರೆಗೆ ಜೋತುಬಿದ್ದಂತೆ ಒಂದು ಕಾಳನ್ನಿಟ್ಟು, "ಇದು ಡಿ, ಇದನ್ನು ಸ ಎಂದುಕೊಂಡು ಮೇಲೆ ಹತ್ತು" ಎಂದರು. ಹತ್ತಿದೆ. ಮೂರನೆಯ ಕಾಳಿನಲ್ಲಿ ಮೇಲಿನ 'ಗ' ಆದ ಅಂತರ ಗಾಂಧಾರ, ಏಳನೆಯದರಲ್ಲಿ ಮೇಲಿನ 'ನಿ' ಆದ ಕಾಕಲಿ ನಿಷಾದ. ಆ ಎರಡು ಚಿಹ್ನೆಗಳು ಇದ್ದದ್ದು ಸರಿಯಾಗಿ ಆ ಎರಡು ಸ್ವರಗಳಿಗಾಗಿ. ಪಿಟೀಲಿನ ಮೇಲೆ ಅಂದು ಕೇಳಿದ್ದು ನನಗೆ ಹತ್ತು ವರ್ಷದಿಂದ ಪರಿಚಯವಿದ್ದ ಶಂಕರಾಭರಣ ರಾಗ. ಪರದೇಶದವರೆಂದುಕೊಂಡಿದ್ದವರು ಮನೆಯವರೇ ಎಂದು ತಿಳಿದಾಗ ಆಗುವಂಥ ಸಂತೋಷ ನನಗೆ ಆ ಸಂಜೆ ಆಯಿತು.

ಪಾಠದ ನಡುನಡುವೆ ಅವರು ಬ್ಯಾಂಡಿನ ದಿನಗಳನ್ನು ಹೇಳುತ್ತಿದ್ದರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ಪಿಯಾನೋ ನುಡಿಸುತ್ತಿದ್ದ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದಿದ್ದ, ರಷ್ಯದ ಸಂಗೀತ ರಚನಕಾರ ಮೆಡ್ಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ನೀಡಿದ ಜಯಚಾಮರಾಜ ಒಡೆಯರೇ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಅಂಥವರ ಕಿವಿಗೆ ನುಡಿಸುವಾಗ ಕಾಗದದಲ್ಲಿ ಇದ್ದದ್ದನ್ನು ಬಿಟ್ಟು ಬೇರೆ ನುಡಿಸಿ ಪಾರಾಗುವಂತಿರಲಿಲ್ಲ ಎನ್ನುತ್ತಿದ್ದರು. ದಸರೆಯ ಮೆರವಣಿಗೆಯಲ್ಲಿ ನಡೆಯುತ್ತ ನುಡಿಸಬೇಕಾದ್ದರಿಂದ ಅಂಗೈ ಅಗಲದ ಚೀಟಿಯನ್ನು ವಾದ್ಯಕ್ಕೇ ಕ್ಲಿಪ್ಪಿನಿಂದ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಒಂದು ವರ್ಷ ಹಠಾತ್ತಾಗಿ ಮಳೆ ಬಂದು, ನೀಲಿ ಶಾಯಿಯೆಲ್ಲ ಇಳಿದು, ಪಕ್ಕದವರ ಬಿಳಿ ಕೈಗವಸುಗಳೂ ನೀಲಿಯಾದವಂತೆ. ಅಂದಿನಿಂದ ಅವರು ತಮ್ಮ ಪಾಲನ್ನು ಪೆನ್ಸಿಲಿನಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ಬರೆದುಕೊಳ್ಳಲಿಲ್ಲ. ದೊಡ್ಡ ಹಿತ್ತಾಳೆ ವಾದ್ಯದ ಒಬ್ಬರಿಗೆ ಕೆಲವು ರಚನೆಗಳಲ್ಲಿ 48 ಬಾರ್‌ಗಳ, ಎಂದರೆ ನಮ್ಮ ತಾಳದ ಆವರ್ತದಂಥ 48 ಖಂಡಗಳ, ಮೌನವಿರುತ್ತಿತ್ತು. ಕಾಗದದಲ್ಲಿ ಅದು ಒಂದು ದಪ್ಪ ಅಡ್ಡಗೆರೆ, ಮೇಲೊಂದು ಸಂಖ್ಯೆ, ಅಷ್ಟೆ. ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಎಣಿಸುತ್ತಿದ್ದರಂತೆ. ನಮ್ಮ ಗುರುಗಳು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಿದ್ದರು. ಅದು ಅವರಿಗೆ ಬಾಲ್ಯದಲ್ಲಿ ತಾಳ ಹಾಕಿ ಕಲಿತ ಸರಳೆವರಸೆಯಿಂದ ಬಂದದ್ದು.

ಇನ್ನೊಂದು ದೃಶ್ಯ ನನ್ನ ಕಣ್ಣಮುಂದಿದೆ. ಒಂದು ಸಂಜೆ ನಾನು ಬೇಗ ಹೋದಾಗ ಅವರು ಕಂಬಕ್ಕೊರಗಿ ಎಲ್ಲ ವಾದ್ಯಗಳ ಪಾಲನ್ನೂ ಒಟ್ಟಿಗೆ ಬರೆದ ಹಳೆಯ ಸ್ಕೋರ್ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮನೆಯಲ್ಲಿ ಸದ್ದಿಲ್ಲ, ವಾದ್ಯ ಪೆಟ್ಟಿಗೆಯಲ್ಲಿದೆ. ಅವರ ಬಲಗಾಲಿನ ಹೆಬ್ಬೆರಳು ಮಾತ್ರ ಆಡುತ್ತಿತ್ತು. ಪುಟ ತಿರುವುವ ಮುಂಚೆ ಒಂದು ಕ್ಷಣ ತಡೆದು, ಮುಖ ಅರಳಿ, ತಿರುವಿದರು. ನಾನು ನಿಂತೇ ಇದ್ದೆ. ಅವರು ಕೇಳುತ್ತಿದ್ದುದನ್ನು ಅರ್ಧಕ್ಕೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಓದುವುದರಿಂದ ಕಿವಿ ಮಂದವಾಗುತ್ತದೆ ಎನ್ನುವವರಿಗೆ ನಾನು ಇಂದಿಗೂ ಹೇಳುವುದು ಆ ಹೆಬ್ಬೆರಳಿನ ವಿಷಯವನ್ನೇ.

ಮತ್ತೆ ಮದರಾಸಿಗೆ ಹೋದೆ, ಆಮೇಲೆ ಬೆಂಗಳೂರಿಗೆ. ಎರಡು ದಶಕಗಳಿಗೂ ಹೆಚ್ಚು ಕಾಲ ಆ ಓದಿನಿಂದಲೇ ನನ್ನ ಮನೆ ನಡೆಯಿತು; ಮಕ್ಕಳ ಶಾಲೆಯ ಶುಲ್ಕ, ತಂದೆಯವರ ಔಷಧ ಎಲ್ಲವೂ ಅದರಿಂದಲೇ ಬಂದದ್ದು. ಅದರ ಬೆಲೆ ಕೆಲಸ ಸಿಗುವುದರಲ್ಲಷ್ಟೇ ಇಲ್ಲ. ಒಮ್ಮೆ ಒಂದು ಹಾಡಿನ ಮಧ್ಯೆ ಪಿಟೀಲುಗಳಿಗೂ ಚೆಲ್ಲೋಗಳಿಗೂ ಎಲ್ಲೋ ತಾಕಾಟವಾಗುತ್ತಿತ್ತು. ಏನೋ ಸರಿಯಿಲ್ಲವೆಂದು ಎಲ್ಲರಿಗೂ ಕೇಳಿಸಿತು, ಎಲ್ಲಿ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅನುಮಾನವೆಲ್ಲ ಹೊಸದಾಗಿ ಬಂದಿದ್ದ ಚೆಲ್ಲೋ ಹುಡುಗನ ಮೇಲೆ ಬಿದ್ದಿತು. ಆ ಹುಡುಗ ತನ್ನ ಹಾಳೆಯನ್ನು ನನ್ನ ಹಾಳೆಯ ಪಕ್ಕಕ್ಕೆ ತಂದಿಟ್ಟು, ಏಳನೆಯ ಬಾರ್‌ನಲ್ಲಿ ಪ್ರತಿ ತೆಗೆದವರ ಕೈಯಿಂದ ಏರಿಸಿದ ಅಥವಾ ಇಳಿಸಿದ ಸ್ವರವನ್ನು ಮೊದಲಿನ ಜಾಗಕ್ಕೆ ತರುವ ಒಂದು ನ್ಯಾಚುರಲ್ ಚಿಹ್ನೆ ಬಿಟ್ಟುಹೋಗಿರುವುದನ್ನು ಬೆರಳಿಟ್ಟು ತೋರಿಸಿದ. ತಪ್ಪು ನಮ್ಮ ಪಿಟೀಲುಗಳ ಹಾಳೆಯಲ್ಲಿತ್ತು. ಓದಲು ಬಾರದಿದ್ದರೆ ಆ ಹುಡುಗ ನನ್ನಂತೆಯೇ ಹೊರಗಿನ ಬೆಂಚಿನ ಮೇಲೆ ಹೋಗಿ ಕೂರಬೇಕಾಗುತ್ತಿತ್ತು, ತಾನು ಮಾಡದ ತಪ್ಪಿಗೆ.

ಕಳೆದ ವರ್ಷ ಗುರುಗಳ ಮನೆಯವರು ಹಳೆಯ ಮನೆಯನ್ನು ಖಾಲಿ ಮಾಡುವಾಗ ಒಂದು ಕಾಗದದ ಕಟ್ಟನ್ನು ನನಗೆ ಕಳಿಸಿಕೊಟ್ಟರು. ಎರಡನೆಯ ಕ್ಲಾರಿನೆಟ್ಟಿನ ಪಾಲುಗಳು, ಎಲ್ಲವೂ ಪೆನ್ಸಿಲಿನಲ್ಲಿ. ಕೆಲವು ಹಾಳೆಗಳ ಅಂಚು ನೀರು ಕುಡಿದು ಕಂದಿದೆ, ಆದರೆ ಒಂದು ಕಾಳೂ ಅಳಿಸಿಲ್ಲ. ಒಂದು ಹಾಳೆಯ ತಲೆಭಾಗ ಹರಿದುಹೋಗಿ ಅದು ಯಾವ ರಚನೆಯೆಂದು ತಿಳಿಯುವಂತಿರಲಿಲ್ಲ. ಎರಡನೆಯ ಕ್ಲಾರಿನೆಟ್ಟಿಗೆ ಹಾಡಿನ ಧಾಟಿ ಬರುವುದು ಅಪರೂಪ. ಉದ್ದನೆಯ ಆಧಾರ ಸ್ವರಗಳು, ನಡುವೆ ಮೌನ, ಮತ್ತೆ ಆಧಾರ. ಕ್ಲಾರಿನೆಟ್ಟಿನಲ್ಲಿ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳುತ್ತದೆಂಬುದನ್ನು ನೆನಪಿಟ್ಟುಕೊಂಡು, ಹಾಗೆಯೇ ಇಳಿಸಿ, ಪಿಟೀಲಿನ ಮೇಲೆ ನುಡಿಸುತ್ತ ಹೋದೆ. ಮೂರನೆಯ ಸಾಲಿನಲ್ಲಿ ಆ ಆಧಾರ ಸ್ವರಗಳ ಮೇಲೆ ಇಲ್ಲದ ಧಾಟಿಯೊಂದು ತಾನಾಗಿ ಬಂದು ಕುಳಿತಿತು. ಬಸವಪ್ಪ ಶಾಸ್ತ್ರಿಗಳ 'ಕಾಯೌ ಶ್ರೀಗೌರಿ', ಅರಸರ ಕಾಲದ ನಮ್ಮ ಮೈಸೂರಿನ ನಾಡಗೀತೆ. ಸ್ವರಗಳ ನಡುವೆ ಗೆರೆಯ ಮೇಲ್ಗಡೆ ಅಲ್ಲಲ್ಲಿ ಸಣ್ಣ ಅಲ್ಪವಿರಾಮಗಳಿದ್ದವು. ನಮ್ಮ ಲಿಪಿಯಲ್ಲಿ ಆ ಗುರುತು ಕಂಡರೆ ಸ್ವರವನ್ನು ಇನ್ನೊಂದಕ್ಷರ ಎಳೆಯಬೇಕು, ಊದುವ ವಾದ್ಯದವರ ಕಾಗದದಲ್ಲಿ ಅಲ್ಲಿ ಉಸಿರು ತೆಗೆದುಕೊಳ್ಳಬೇಕು. ಬಿಲ್ಲಿಗೆ ಉಸಿರು ಬೇಕಿಲ್ಲ. ಆದರೂ ಎರಡನೆಯ ಸಲ ನುಡಿಸುವಾಗ ಆ ಗುರುತು ಇದ್ದ ಕಡೆಯಲ್ಲೆಲ್ಲ, ಅವರು ಉಸಿರು ತೆಗೆದುಕೊಂಡ ಅಷ್ಟು ಹೊತ್ತು, ಬಿಲ್ಲನ್ನು ತಂತಿಯಿಂದ ಎತ್ತಿ ಹಿಡಿದೆ.