ಆಡ್ಲಿ ಎಂಡ್‌ಗೆ ಹೋಗುವವರು ಮೊದಲು ಆ ಕಲ್ಲಿನ ಕಳಶ ನೋಡಿ

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಆಡ್ಲಿ ಎಂಡ್ ಬಂಗಲೆಯೊಳಗೆ ನಾವು ಎರಡೂವರೆ ಗಂಟೆ ಸುತ್ತಿದೆವು. ಬೆಳ್ಳಿ ಸಾಮಾನು, ದೊಡ್ಡ ಅಡುಗೆಮನೆ, ಕುದುರೆ ಲಾಯ ಎಲ್ಲ ನೋಡಿದ್ದಾಯಿತು. ನಾನು ಯಾವುದಕ್ಕೆ ಅಷ್ಟು ದೂರ ಬಂದಿದ್ದೆನೋ ಅದು ಮಾತ್ರ ಕಾಣಲಿಲ್ಲ. ಕೊನೆಗೆ ಅಲ್ಲಿನ ಒಬ್ಬ ಹಿರಿಯ ಸ್ವಯಂಸೇವಕರನ್ನು ಕೇಳಿದೆ. ಅವರು ಕೈ ಹಿಡಿದು ಕರೆದುಕೊಂಡು ಹೋದ ಹಾಗೆ ಹೊರಗೆ ಕರೆತಂದು, ಹುಲ್ಲಿನ ನಡುವೆ ನಿಂತ ಒಂದು ಕಲ್ಲಿನ ಕಳಶ ತೋರಿಸಿದರು. ಅದೇ ಇಲ್ಲಿನ ಪೋಲಿಷ್ ಸೈನಿಕರ ಸ್ಮಾರಕ.

ಎರಡನೇ ಮಹಾಯುದ್ಧದಲ್ಲಿ, 1942ರಿಂದ 1944ರವರೆಗೆ, ಈ ಬಂಗಲೆ ಪೋಲೆಂಡಿನ ಸೈನಿಕರ ಗುಪ್ತ ಶಾಲೆಯಾಗಿತ್ತು. ಜರ್ಮನ್ನರ ಕೈಯಲ್ಲಿದ್ದ ತಮ್ಮದೇ ದೇಶಕ್ಕೆ ರಾತ್ರಿ ಪ್ಯಾರಾಚೂಟ್‌ನಲ್ಲಿ ಇಳಿದು, ಅಲ್ಲಿನ ಭೂಗತ ಸೈನ್ಯ ಸೇರಬೇಕಾದವರು ಇವರು. ಇವರನ್ನು ಪೋಲಿಷ್‌ನಲ್ಲಿ ಚಿಹೋಚೆಮ್ನಿ ಅನ್ನುತ್ತಾರೆ. ಸದ್ದಿಲ್ಲದವರು, ಕತ್ತಲಿನವರು ಅಂತ ಅರ್ಥ.

ನಿಪ್ಪಾಣಿಯವನಿಗೆ ಇದರಲ್ಲಿ ಏನು ಆಸಕ್ತಿ ಅಂತ ಕೇಳಬಹುದು. ನಮ್ಮಜ್ಜ ತಂಬಾಕು ವ್ಯಾಪಾರಕ್ಕೆ ಕೊಲ್ಹಾಪುರಕ್ಕೆ ಹೋಗುತ್ತಿದ್ದರು. ಅದರ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಪೋಲೆಂಡಿನ ನಿರಾಶ್ರಿತರ ಕ್ಯಾಂಪ್ ಇತ್ತು. ಸುಮಾರು 5,000 ಜನ, ಹೆಂಗಸರು ಮಕ್ಕಳೇ ಜಾಸ್ತಿ. 'ಇವರ ಗಂಡಸರೆಲ್ಲ ಎಲ್ಲಿ?' ಅಂತ ಅಜ್ಜ ಅಲ್ಲಿ ಕೇಳಿದ್ದರಂತೆ. ಯುದ್ಧದಲ್ಲಿ ಅನ್ನುವುದಷ್ಟೇ ಉತ್ತರ. ಆ ಪ್ರಶ್ನೆ ನಮ್ಮ ಮನೆಯಲ್ಲಿ ಹಾಗೇ ಉಳಿದಿತ್ತು.

ಹೋಗುವ ದಾರಿ ಹೇಳುತ್ತೇನೆ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಆಡ್ಲಿ ಎಂಡ್ ಸ್ಟೇಷನ್ನಿಗೆ ಒಂದು ಗಂಟೆಯ ಆಸುಪಾಸು. ಹೆಸರು ನೋಡಿ ಬಂಗಲೆ ಎದುರಿಗೇ ಇದೆ ಅಂದುಕೊಳ್ಳಬೇಡಿ. ಸ್ಟೇಷನ್ ಇರುವುದು ವೆಂಡನ್ಸ್ ಆಂಬೊ ಎಂಬ ಹಳ್ಳಿಯಲ್ಲಿ. ಅಲ್ಲಿಂದ ಮೈಲಿಗೂ ಜಾಸ್ತಿ ನಡೆಯಬೇಕು. ಅವ್ವನಿಗೆ ಮೊಣಕಾಲು ನೋವು, ಅದಕ್ಕೆ ಟ್ಯಾಕ್ಸಿ ಮಾಡಿದೆವು. ನಡೆಯಲು ಆಗುವವರು ನಡೆಯಿರಿ.

ಭಾನುವಾರ ಮಾತ್ರ ಬೇಡವೇ ಬೇಡ. ಹಳಿ ಕೆಲಸ ಅಂತ ವಾಪಸ್ ಬರುವಾಗ ರೈಲೇ ಇರಲಿಲ್ಲ, ಬದಲಿಗೆ ಬಸ್ಸು ಬಿಟ್ಟಿದ್ದರು. ಐವತ್ತು ನಿಮಿಷ ಮಳೆಯಲ್ಲಿ ನಿಂತೆವು. ಬಂದ ಬಸ್ಸು ತುಂಬಿತ್ತು. ಡ್ರೈವರ್ 'ಮುಂದಿನದು ಬರುತ್ತೆ' ಅಂದು ಬಾಗಿಲು ಹಾಕಿದ. ಮುಂದಿನದು ಯಾವಾಗ ಅಂತ ಹೇಳಲು ಒಬ್ಬರೂ ಇರಲಿಲ್ಲ. ವಯಸ್ಸಾದವರು ನಿಂತಿರುವಾಗ ಒಂದು ಬೆಂಚು, ಒಂದು ಮಾತು, ಇಷ್ಟಾದರೂ ಬೇಕಲ್ವಾ? ಹಿಂದಿನ ರಾತ್ರಿ ಉಳಿದ ಕೋಣೆಗೂ 118 ಪೌಂಡ್ ಕೊಟ್ಟಿದ್ದೆವು. ಹೀಟರ್ ಕೆಲಸ ಮಾಡಲಿಲ್ಲ. ಒಂದೇ ದಿನದಲ್ಲಿ ನೋಡಿ ಲಂಡನ್ನಿಗೆ ಮರಳಿ, ಉಳಿಯಬೇಡಿ.

ಶನಿವಾರ ಹೋದರೆ ಒಳ್ಳೆಯದು. ಹತ್ತಿರದ ಸ್ಯಾಫ್ರನ್ ವಾಲ್ಡನ್ ಊರಲ್ಲಿ ಮಂಗಳವಾರ, ಶನಿವಾರ ಸಂತೆ ಇರುತ್ತದೆ. ಒಂದು ಕಾಲಕ್ಕೆ ಇಲ್ಲಿ ಕೇಸರಿ ಬೆಳೆಯುತ್ತಿದ್ದರು, ಊರಿನ ಹೆಸರು ಅದರಿಂದಲೇ ಬಂದದ್ದು. ಸಂತೆಯ ಒಂದು ಮೂಲೆಯಲ್ಲಿ ಒಬ್ಬ ಹೆಂಗಸು ಆಲೂಗಡ್ಡೆ ಸುಟ್ಟು ಕೊಡುತ್ತಿದ್ದರು. ಅಂಗೈಗಿಂತ ದೊಡ್ಡ ಗಡ್ಡೆ, ಸಿಪ್ಪೆ ಗರಿಗರಿ, ಒಳಗೆ ಹಿಟ್ಟಿನ ಹಾಗೆ ಮೆತ್ತಗೆ. ನಡುವೆ ಸೀಳಿ ಬೆಣ್ಣೆ, ಬೀನ್ಸ್, ಮೇಲೆ ಚೀಸ್. ಮಾಂಸ ಮುಟ್ಟಿದ ಚಮಚ ಬೇಡ ಅಂದಾಗ ಬೇಸರಪಡದೆ ಹೊಸ ಚಮಚ ತೆಗೆದರು. ಅವ್ವ ಪರ್ಸಿನಿಂದ ಶೇಂಗಾ ಚಟ್ನಿಯ ಪೊಟ್ಟಣ ತೆಗೆದು ಉದುರಿಸಿಕೊಂಡರು. ಆ ಹೆಂಗಸೂ ಒಂದು ಚಿಟಿಕೆ ಕೇಳಿ ತಿಂದರು. 5 ಪೌಂಡಿಗೆ ಹೊಟ್ಟೆ ತುಂಬಿತು. ಇಂಗ್ಲೆಂಡಿನಲ್ಲಿ ನಾವು ತಿಂದದ್ದರಲ್ಲಿ ಇದಕ್ಕಿಂತ ರುಚಿಯಾದದ್ದು ಇಲ್ಲ.

 

ಬಂಗಲೆಗೆ ಬರುವ ಮೊದಲೇ ಆ ಸೈನಿಕರು ಸ್ಕಾಟ್ಲೆಂಡಿನಲ್ಲಿ ಮೈ ಪಳಗಿಸಿಕೊಂಡು, ಮ್ಯಾಂಚೆಸ್ಟರ್ ಹತ್ತಿರದ ರಿಂಗ್‌ವೇಯಲ್ಲಿ ವಿಮಾನದಿಂದ ಹಾರುವುದು ಕಲಿತಿರುತ್ತಿದ್ದರು. ಇಲ್ಲಿ ಕಲಿಯಬೇಕಾದದ್ದು ಬೇರೊಬ್ಬನಾಗಿ ಬದುಕುವುದು. ಹೊಸ ಹೆಸರು, ಹೊಸ ಕಸುಬು, ಹೊಸ ಮನೆತನ. ಖೋಟಾ ಕಾಗದಪತ್ರ. ಜರ್ಮನ್ನರ ಸಮವಸ್ತ್ರ ಗುರುತಿಸುವುದು. ಊರಲ್ಲಿ ಈಗ ರೇಷನ್ ಹೇಗೆ, ಕರ್ಫ್ಯೂ ಎಷ್ಟು ಹೊತ್ತಿಗೆ ಅನ್ನುವುದು. ಹುಟ್ಟಿದ ಊರನ್ನೇ ಹೊಸದಾಗಿ ಕಲಿಯಬೇಕಿತ್ತು. ಇದನ್ನು ತಿಳಿದುಕೊಂಡು ಆ ಕೋಣೆಗಳಲ್ಲಿ ನಡೆಯಿರಿ. ಆಗ ಬೆಳ್ಳಿ ತಟ್ಟೆಗಳ ಕಡೆ ಕಣ್ಣೇ ಹೋಗುವುದಿಲ್ಲ.

1941ರ ಫೆಬ್ರವರಿಯಿಂದ 1944ರ ಕೊನೆಯವರೆಗೆ, ಈ ಶಾಲೆ ಶುರುವಾಗುವ ಮೊದಲು ಹೋದವರೂ ಸೇರಿ, ಒಟ್ಟು 316 ಮಂದಿ ಹೀಗೆ ಪ್ಯಾರಾಚೂಟ್‌ನಲ್ಲಿ ಇಳಿದರು. ಅವರಲ್ಲಿ ಹೆಂಗಸು ಒಬ್ಬರೇ, ಎಲ್ಜ್‌ಬೀಟಾ ಜವಾತ್ಸ್ಕಾ. ನೂರಕ್ಕೂ ಹೆಚ್ಚು ಜನ ಯುದ್ಧದಲ್ಲೇ ಸತ್ತರು. ಬದುಕಿ ಉಳಿದವರಲ್ಲೂ ಕೆಲವರನ್ನು ಯುದ್ಧದ ನಂತರ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರವೇ ಕೊಂದಿತು. ಹಿಯೆರೋನಿಮ್ ಡೆಕುಟೊವ್ಸ್ಕಿಯನ್ನು 1949ರಲ್ಲಿ ವಾರ್ಸಾದ ಜೈಲಿನಲ್ಲಿ ಕೊಂದರು. ಇದನ್ನು ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ.

ಅವ್ವ ಕಳಶದ ಮುಂದೆ ಬಂದು, "ಅಷ್ಟ್ ದೊಡ್ಡ ಮನಿ ಬಿಟ್ಟು ಇಲ್ಲಿ ಯಾಕ ನಿಂತಿಯೋ?" ಅಂದರು. ವಳಿವಡೆಯ ಹೆಂಗಸರ ಗಂಡಸರಂಥವರು ಕಲಿತ ಜಾಗ ಇದು ಅಂದೆ. ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದರು.

ಟಿಕೆಟ್ ಕೌಂಟರಿನಲ್ಲೇ ಪೋಲಿಷ್ ಸ್ಮಾರಕ ಎಲ್ಲಿ ಅಂತ ಕೇಳಿ, ಮೊದಲು ಅಲ್ಲಿಗೆ ಹೋಗಿ. ಹೂವು ಬೇಕಿದ್ದರೆ ಸಂತೆಯಲ್ಲೇ ಕೊಳ್ಳಿ. ನಾವು ಬರಿಗೈಯಲ್ಲಿ ಹೋಗಿದ್ದೆವು.